ಹುದ್ದೆಯ ಹೆಸರೂ ಮನೆಯ ಮರ್ಯಾದೆಯೂ

ಕೆಲವು ತಿಂಗಳ ಹಿಂದೆ ಚೆನ್ನೈಯ ಅಂಬತ್ತೂರಿನ ಗೋದಾಮೊಂದಕ್ಕೆ ದಾಸ್ತಾನು ಪರಿಶೀಲನೆಗೆ ಹೋಗಿದ್ದೆ. ಎಣಿಕೆಯ ಪಟ್ಟಿ ಹಿಡಿದು ಜೊತೆಗೆ ನಡೆದ ತರುಣ ನಮ್ಮ ಸಮಾಜದವನೇ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಪದವೀಧರ. ಹೊರಡುವಾಗ ಮೆಲ್ಲಗೆ ಹೇಳಿದ: “ಸರ್, ನಾನು ಇಲ್ಲಿರುವುದು ಊರಿನವರಿಗೆ ತಿಳಿಯುವುದು ಬೇಡ. ಅಪ್ಪ ಹೆಣ್ಣಿನ ಮನೆಯವರಿಗೆ ‘ಡಿಸೈನ್ ಇಂಜಿನಿಯರ್’ ಎಂದು ಬರೆದು ಕೊಟ್ಟಿದ್ದಾರೆ.” ಅವನ ಲೆಕ್ಕದಲ್ಲಿ ಒಂದು ಪೆಟ್ಟಿಗೆಯೂ ತಪ್ಪಿರಲಿಲ್ಲ. ತಪ್ಪಿದ್ದು ನಮ್ಮ ಲೆಕ್ಕ.

ಓದಿದ್ದು ಒಂದು, ಸಿಕ್ಕಿದ್ದು ಇನ್ನೊಂದು ಎಂಬುದು ಇಂದು ಒಂದು ಮನೆಯ ಕಥೆಯಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2024ರ ಭಾರತ ಉದ್ಯೋಗ ವರದಿಯ ಪ್ರಕಾರ, 2022ರಲ್ಲಿ ದೇಶದ ಪದವೀಧರ ಯುವಜನರಲ್ಲಿ ಶೇ. 29.1ರಷ್ಟು ಮಂದಿ ನಿರುದ್ಯೋಗಿಗಳು. ಓದುಬರಹ ಬಾರದ ಯುವಜನರಲ್ಲಿ ಆ ಪ್ರಮಾಣ ಶೇ. 3.4 ಮಾತ್ರ. 2011ರ ಜನಗಣತಿಯಂತೆ ಜೈನರಲ್ಲಿ ಸುಮಾರು ಕಾಲುಭಾಗ ಪದವೀಧರರು. ಓದಿನಲ್ಲಿ ಮುಂದಿರುವ ಸಮಾಜಕ್ಕೆ ಈ ಬಿಸಿ ಮೊದಲು ತಟ್ಟುವುದು ಸಹಜ.

ಸರ್ಕಾರದ ಅಂಕಿಅಂಶವೂ ಈ ನೋವನ್ನು ಕಾಣುವುದಿಲ್ಲ. ಸಾಪ್ತಾಹಿಕ ಲೆಕ್ಕದಲ್ಲಿ ಏಳು ದಿನಗಳೊಳಗೆ ಒಂದು ಗಂಟೆ ದುಡಿದವನೂ ‘ಉದ್ಯೋಗಿ’. ಗೋದಾಮಿನ ಇಂಜಿನಿಯರನೂ ಊಟ ತಲುಪಿಸುವ ಎಂ.ಕಾಂ. ಪದವೀಧರನೂ ಅದೇ ಕಲಮಿನಲ್ಲಿ ಸೇರುತ್ತಾರೆ. ಕರ್ನಾಟಕದ ಯುವನಿಧಿ ಪದವೀಧರರಿಗೆ ತಿಂಗಳಿಗೆ 3000 ರೂಪಾಯಿ ಕೊಡುತ್ತದೆ. ಯಾವುದೇ ಕೆಲಸ ಸಿಕ್ಕೊಡನೆ ಅದು ನಿಲ್ಲುತ್ತದೆ. ಕಾಯುವವನಿಗೆ ಆಸರೆ ಬೇಕು, ಸರಿ. ಆದರೆ ಸಿಕ್ಕ ಕೆಲಸ ಹಿಡಿದು ಸಂಜೆ ತನ್ನ ವಿದ್ಯೆಯನ್ನು ಉಳಿಸಿಕೊಳ್ಳಲು ಹೆಣಗುವವನಿಗೆ ಯಾವ ನಿಧಿಯಿದೆ? ಆಡಳಿತ ಪಕ್ಷವನ್ನೂ ವಿರೋಧ ಪಕ್ಷವನ್ನೂ ನಾವು ಕೇಳಬೇಕಾದ ಪ್ರಶ್ನೆ ಇದು.

ಸರ್ಕಾರವನ್ನು ಕೇಳುವ ಬಾಯಿ ನಮ್ಮನ್ನೂ ಕೇಳಿಕೊಳ್ಳಬೇಕು. ಆದಿನಾಥ ತೀರ್ಥಂಕರರು ಲೋಕಕ್ಕೆ ಬೋಧಿಸಿದ ಷಟ್ಕರ್ಮಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಅವುಗಳಲ್ಲಿ ಒಂದನ್ನು ಮದುವೆಯ ಪೇಟೆಗೆ ಯೋಗ್ಯ, ಇನ್ನೊಂದನ್ನು ಅಯೋಗ್ಯ ಎಂದು ವಿಂಗಡಿಸಿದವರು ನಾವು. ಚಾವುಂಡರಾಯ ಗಂಗರ ಸೇನಾಪತಿಯಾಗಿದ್ದುಕೊಂಡೇ 978ರಲ್ಲಿ ಪುರಾಣ ರಚಿಸಿದ. ಬಳೆಗಾರರ ಮನೆಯಲ್ಲಿ ಹುಟ್ಟಿದ ರನ್ನ ಕವಿಚಕ್ರವರ್ತಿಯಾದ. ಇವರ ಹೆಸರನ್ನು ವೇದಿಕೆಯಲ್ಲಿ ಹೇಳಿ, ಮನೆಗೆ ಬಂದು ಮಗನ ಹುದ್ದೆಯನ್ನು ಮುಚ್ಚಿಡುವುದು ಯಾವ ನ್ಯಾಯ? ಸತ್ಯಾಣುವ್ರತ ಕೈಕೊಂಡ ಮನೆ ಸಂಬಂಧ ಕುದುರಿಸಲು ಸುಳ್ಳು ಬರೆದರೆ, ಮುಂದೆ ಅದರ ಬಡ್ಡಿ ತೆರಬೇಕಾದವರು ಹೊಸ ದಂಪತಿಗಳು.

ಹಾಗೆಂದು ಸಿಕ್ಕಿದ್ದಕ್ಕೆಲ್ಲ ತಲೆಬಾಗಬೇಕೆಂದಲ್ಲ. ಲೆಕ್ಕಪರಿಶೋಧಕನಾಗಿ ತರುಣ ತರುಣಿಯರಿಗೆ ನನ್ನ ಮಾತು ಇಷ್ಟು: ನೇಮಕಾತಿ ಪತ್ರವಿಲ್ಲದೆ ಸೇರಬೇಡಿ. ಮೂಲ ಅಂಕಪಟ್ಟಿಯನ್ನು ಯಾರಿಗೂ ಒತ್ತೆ ಇಡಬೇಡಿ. ಬಾಂಡಿಗೆ ಸಹಿ ಹಾಕುವ ಮುನ್ನ ಬಿಟ್ಟುಹೋದರೆ ತೆರಬೇಕಾದ ಮೊತ್ತ ಓದಿ. ಭವಿಷ್ಯನಿಧಿಯ ಕಂತು ನಿಮ್ಮ ಖಾತೆಗೆ ನಿಜವಾಗಿ ಸೇರುತ್ತಿದೆಯೇ ನೋಡಿಕೊಳ್ಳಿ. ಈ ಕೆಲಸಕ್ಕೆ ಒಂದು ಅವಧಿ ನಿಗದಿಪಡಿಸಿ, ಅದರೊಳಗೆ ಏನು ಕಲಿಯಬೇಕೆಂದು ಬರೆದಿಡಿ. ಗೋದಾಮಿನಲ್ಲಿ ಸರಕಿನ ಚಲನೆ ಕಲಿತ ಇಂಜಿನಿಯರ್ ಕಾರ್ಖಾನೆಗೆ ಬರಿಗೈಯಲ್ಲಿ ಹಿಂದಿರುಗುವುದಿಲ್ಲ.

ನಮ್ಮ ಬಸದಿಗಳ ಆಡಳಿತ ಮಂಡಳಿಗಳಿಗೂ ಟ್ರಸ್ಟುಗಳಿಗೂ ಒಂದು ಬೇಡಿಕೆ. ಪಂಚಕಲ್ಯಾಣ, ಅಭಿಷೇಕಗಳಿಗೆ ಹರಿದುಬರುವ ಕಾಣಿಕೆ ನಮ್ಮ ಹೆಮ್ಮೆ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ಚತುರ್ವಿಧ ದಾನಗಳಲ್ಲಿ ಶಾಸ್ತ್ರದಾನವೂ ಒಂದು. ಅದರ ಹೆಸರಿನಲ್ಲಿ ಮೊದಲ ಕೆಲಸಕ್ಕಾಗಿ ನಗರಕ್ಕೆ ಬರುವ ಮಕ್ಕಳಿಗೆ ಮೂರು ತಿಂಗಳ ವಸತಿ, ಮರುತರಬೇತಿಗೆ ಬಡ್ಡಿರಹಿತ ಸಾಲ ಕೊಡುವ ನಿಧಿಯನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ವರ್ಷಕ್ಕೊಮ್ಮೆ ಲೆಕ್ಕ ಪ್ರಕಟಿಸಲಿ. ಚೆನ್ನೈ, ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಾವು ಮನೆಗೊಂದು ಕೋಣೆ ತೆರೆದರೂ ಆರಂಭಕ್ಕೆ ಸಾಕು.

ಮುಂದಿನ ಬಾರಿ ವಧೂವರರ ವಿವರಪಟ್ಟಿ ಕೈಗೆ ಬಂದಾಗ ಹುದ್ದೆಯ ಹೆಸರಿಗಿಂತ ಮೊದಲು ದುಡಿಮೆ ನ್ಯಾಯವಾದದ್ದೇ ಎಂದು ಕೇಳೋಣ. ಆ ತರುಣ ತನ್ನ ತಂದೆಗೆ ನಿಜ ಬರೆಯಿರಿ ಎಂದು ಹೇಳುವ ಧೈರ್ಯ ಮಾಡಬೇಕಾದರೆ, ಅದನ್ನು ಓದುವ ಮನೆ ಮೊದಲು ಸಿದ್ಧವಾಗಬೇಕು.