ಮಾಲ್ಗುಡಿಯ ಸೂತ್ರಧಾರ

ಸಂಸ್ಕೃತ ನಾಟಕಗಳನ್ನು ಓದಿದವರು ಸೂತ್ರಧಾರನನ್ನು ಬಲ್ಲರು. ನಾಂದಿಯಾದ ಮೇಲೆ ಅವನು ನಟಿಯನ್ನು ಕರೆದು, ಕವಿಯ ಹೆಸರನ್ನೂ ಆಡತಕ್ಕ ನಾಟಕದ ಹೆಸರನ್ನೂ ಸಭೆಗೆ ಅರಿಕೆಮಾಡಿ, ಎರಡು ಮಾತನಾಡಿ ಮರೆಗೆ ಸರಿಯುವನು. ಬಳಿಕ ರಂಗದಲ್ಲಿ ನಡೆಯುವುದೆಲ್ಲವೂ ಅವನ ಕೈಯ ಸೂತ್ರದಿಂದಲೇ ಎಂಬುದನ್ನು ಪ್ರೇಕ್ಷಕರು ಮರೆತುಬಿಡುವರು; ಅವರು ಮರೆಯುವುದೇ ಅವನ ಗೆಲವು. ಈಗಿನ ಕಾಲದಲ್ಲಿ ಅವನಿಗೆ ನಿರ್ದೇಶಕನೆಂದು ಹೆಸರು. ಮೊದಲಲ್ಲಿ ಬಂದು ಎರಡು ಮಾತನಾಡುವ ಪದ್ಧತಿಯೂ ಈಗ ಹೋಯಿತು.

ನಮ್ಮ ನಾಡಿನಲ್ಲಿ ಆಟೋರಿಕ್ಷಾಗಳ ಬೆನ್ನಿನ ಮೇಲೆ ಶಂಕರನಾಗ್ ಅವರ ಮುಖವನ್ನು ಕಾಣದವರಿಲ್ಲ. 1980ರಲ್ಲಿ ಬಂದ ‘ಆಟೋ ರಾಜ’ ಎಂಬ ಚಿತ್ರದಿಂದ ಚಾಲಕರಿಗೆ ಅವರಲ್ಲಿ ಹುಟ್ಟಿದ ಅಭಿಮಾನವು, ಅವರು ತೀರಿಕೊಂಡು ಮೂವತ್ತು ವರ್ಷಗಳು ಕಳೆದ ಮೇಲೂ ಬತ್ತಿಲ್ಲ. ಇದನ್ನು ನಾವು ಹಗುರವಾಗಿ ಎಣಿಸುವವರಲ್ಲ. ಆದರೆ ಮನೆಮಂದಿಯ ಕೂಡ ಕುಳಿತು ನೆನೆಯತಕ್ಕ ಅವರ ಕೆಲಸವು ಆ ಮುಖದ ಹಿಂದೆ ಅಡಗಿಕೊಂಡಿದೆಯೆಂಬುದು ನಮ್ಮ ಅಭಿಪ್ರಾಯ. ಕರಾಟೆಯ ಕೈ ಬೀಸಿದ ನಟರನ್ನು ಬಲ್ಲ ಹುಡುಗರು ಸೂತ್ರ ಹಿಡಿದ ಶಂಕರನಾಗರನ್ನು ಅರಿಯರು.

ಅವರು ಹುಟ್ಟಿದುದು 1954ನೆಯ ಇಸವಿ ನವೆಂಬರ್ 9ರಂದು, ಉತ್ತರ ಕನ್ನಡದ ಹೊನ್ನಾವರದ ಸೀಮೆಯಲ್ಲಿ. ಕೊಂಕಣಿ ಮನೆಮಾತಿನ ಕುಟುಂಬ. ಹೆಸರಾಂತ ನಟರಾದ ಅನಂತನಾಗ್ ಅವರ ಅಣ್ಣಂದಿರು. ವಿದ್ಯಾಭ್ಯಾಸವಾದ ಮೇಲೆ ಮುಂಬಯಿಗೆ ಹೋದ ಶಂಕರರನ್ನು ಅಲ್ಲಿಯ ಮರಾಠಿ ರಂಗಭೂಮಿಯು ಸೆಳೆದುಕೊಂಡಿತು. ಮುಂದೆ ಬಾಳಸಂಗಾತಿಯಾದ ಅರುಂಧತಿಯವರ ಪರಿಚಯವಾದುದೂ ಆ ರಂಗಭೂಮಿಯಲ್ಲಿಯೇ. ಮರಾಠಿಗರ ನಾಟಕದ ಶಿಸ್ತು ಎಂತಹುದೆಂಬುದನ್ನು ಬಲ್ಲವರಿಗೆ ಹೇಳಬೇಕಾದುದಿಲ್ಲ. ಅಲ್ಲಿ ನಾಟಕವೆಂದರೆ ಗೃಹಸ್ಥರು ಚೀಟಿ ಕೊಂಡು, ಹೆಂಡತಿ ಮಕ್ಕಳೊಡನೆ ಹೋಗಿ ನೋಡುವ ವಸ್ತು. ಹೇಳಿದ ಹೊತ್ತಿಗೆ ತೆರೆ ಏಳಲೇಬೇಕು. 1978ರಲ್ಲಿ ಗಿರೀಶ ಕಾರ್ನಾಡರು ‘ಒಂದಾನೊಂದು ಕಾಲದಲ್ಲಿ’ ಎಂಬ ಚಿತ್ರಕ್ಕೆ ಇವರನ್ನು ಕರೆತಂದರು. ಆ ಪಾತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಉತ್ತಮ ನಟನೆಂಬ ಪ್ರಶಸ್ತಿಯೂ ಬಂದಿತು.

ಅನ್ಯರಾಗಿದ್ದರೆ ಇನ್ನು ನಾಟಕದ ಗೊಡವೆಯೇಕೆಂದು ಬಿಡುತ್ತಿದ್ದರು. ಇವರು ಬಿಡಲಿಲ್ಲ. ಬೆಂಗಳೂರಿನಲ್ಲಿ ‘ಸಂಕೇತ್’ ಎಂಬ ತಂಡವನ್ನು ಕಟ್ಟಿ ‘ಅಂಜು ಮಲ್ಲಿಗೆ’, ‘ಬ್ಯಾರಿಸ್ಟರ್’, ‘ಸಂಧ್ಯಾ ಛಾಯಾ’, ‘ನಾಗಮಂಡಲ’ ಮೊದಲಾದ ನಾಟಕಗಳನ್ನು ಆಡಿಸಿದರು. ಸುಮಾರು ಹನ್ನೆರಡು ವರ್ಷಗಳಲ್ಲಿ 80ಕ್ಕೂ ಮಿಕ್ಕ ಚಿತ್ರಗಳಲ್ಲಿ ಬಣ್ಣ ಹಚ್ಚಿದ ಮನುಷ್ಯನಿಗೆ, ಪ್ರತಿಫಲವಾಗಿ ಚಪ್ಪಾಳೆಯಲ್ಲದೆ ಬೇರೇನೂ ಸಿಕ್ಕದ ರಂಗಾಭ್ಯಾಸಕ್ಕೆ ಬಿಡುವು ಹೇಗೆ ದೊರಕಿತೋ! ಆ ಎಂಬತ್ತರಲ್ಲಿ ಬಹಳಷ್ಟು ಚಿತ್ರಗಳು ಮರೆಯತಕ್ಕವೇ ಆಗಿವೆ. ಹಾಗೆನ್ನಲು ನಮಗೆ ಸಂಕೋಚವಿಲ್ಲ. ತಾವೇ ನಿರ್ದೇಶಿಸಿದ ‘ಮಿಂಚಿನ ಓಟ’, ‘ಗೀತಾ’, ‘ಆಕ್ಸಿಡೆಂಟ್’ಗಳ ಮಾತು ಬೇರೆ. ಸ್ಟೈನ್‌ಬೆಕ್ಕನ ಕಥೆಯೊಂದನ್ನು ಆಧರಿಸಿ, ರಾಜಕುಮಾರರನ್ನು ನಾಯಕರನ್ನಾಗಿಸಿ 1987ರಲ್ಲಿ ತೆಗೆದ ‘ಒಂದು ಮುತ್ತಿನ ಕಥೆ’ಯೂ ಸಾಹಸದ ಕೆಲಸವೇ.

ಇಲ್ಲಿ ಒಂದು ಮಾತು. ನಮ್ಮ ಪರಿಚಿತ ಗೃಹಸ್ಥರೊಬ್ಬರ ಮಗನು ಓದು ಮುಗಿಸಿ, ದೊರೆತ ಉದ್ಯೋಗವನ್ನೂ ಒಲ್ಲೆನೆಂದು ನಾಟಕದ ತಂಡವೊಂದನ್ನು ಸೇರಿದನು. “ಮೇಷ್ಟ್ರೇ, ಹುಡುಗ ಕೆಟ್ಟನಲ್ಲಾ, ನೀವಾದರೂ ಬುದ್ಧಿ ಹೇಳಬಾರದೆ?” ಎಂದು ಅವರು ಕಣ್ಣೀರು ತಂದುಕೊಂಡರು. ನಾವು ಅವರಿಗೆ ಕೇಳಿದುದು ಇಷ್ಟೇ: ಹುಡುಗನು ಅಭ್ಯಾಸಕ್ಕೆ ಹೊತ್ತಿಗೆ ಸರಿಯಾಗಿ ಹೋಗುವನೋ, ತನ್ನ ಮಾತುಗಳನ್ನಲ್ಲದೆ ಇತರರ ಮಾತುಗಳನ್ನೂ ಕಲಿತಿರುವನೋ, ಪಾತ್ರವಿಲ್ಲದ ದಿನ ಪರದೆ ಎಳೆಯಲು ನಿಲ್ಲುವನೋ? ಹೌದೆಂದರೆ ಅದು ವ್ಯಸನವಲ್ಲ, ವೃತ್ತಿ. ಅಲ್ಲವಾದರೆ ಇಂದೇ ಮನೆಗೆ ಕರೆತರಬಹುದು. ಅವರಿಗೆ ಈ ಉತ್ತರ ರುಚಿಸಲಿಲ್ಲ. ಹೆತ್ತವರಿಗೆ ರುಚಿಸುವುದು ಕಷ್ಟವೇ. ಏಕೆಂದರೆ ಈ ವೃತ್ತಿಯಲ್ಲಿ ತಿಂಗಳ ಕೊನೆಗೆ ಸಂಬಳವೆಂಬುದಿಲ್ಲ, ಮುಪ್ಪಿಗೆ ಪಿಂಚಣಿಯಿಲ್ಲ.

ಈಗ ಮಾಲ್ಗುಡಿಗೆ ಬರೋಣ. ಆರ್. ಕೆ. ನಾರಾಯಣರು ಮೈಸೂರಿನಲ್ಲಿ ಬಾಳಿ, ಇಂಗ್ಲಿಷಿನಲ್ಲಿ ಬರೆದು, ಭೂಪಟದಲ್ಲಿಲ್ಲದ ಒಂದು ಊರನ್ನು ಕಟ್ಟಿದರು. ಅದಕ್ಕೊಂದು ಸರಯೂ ನದಿ, ಒಂದು ರೈಲು ನಿಲ್ದಾಣ, ಮಿಷನ್ ಶಾಲೆ. 1935ರಲ್ಲಿ ಪ್ರಕಟವಾದ ಅವರ ಮೊದಲ ಕಾದಂಬರಿಯಲ್ಲಿಯೇ ಸ್ವಾಮಿಯೆಂಬ ಹುಡುಗನು ಆ ಊರಿನಲ್ಲಿ ಓಡಾಡಿದನು. ಮುಂದೆ ಅವರ ‘ಗೈಡ್’ ಕಾದಂಬರಿಯು 1965ರಲ್ಲಿ ಹಿಂದಿ ಚಿತ್ರವಾದಾಗ, ಮಾಲ್ಗುಡಿಯನ್ನು ಬಿಟ್ಟು ಉತ್ತರದೇಶದ ವೈಭವದ ಸ್ಥಳಗಳಲ್ಲಿ ಅದನ್ನು ತೆಗೆದುದರಿಂದ ಗ್ರಂಥಕರ್ತರು ಬಹಳ ನೊಂದು, ಆ ನೋವನ್ನು ಬರೆದೂ ಬರೆದರು. ಒಮ್ಮೆ ಕೈಸುಟ್ಟವರ ಊರನ್ನು ಎರಡನೆಯ ಸಲ ಕೇಳಿ ಪಡೆಯುವುದು ಸುಲಭವಲ್ಲ. ಟಿ. ಎಸ್. ನರಸಿಂಹನ್ ಅವರು ನಿರ್ಮಾಪಕರಾಗಿಯೂ ಶಂಕರನಾಗ್ ಅವರು ನಿರ್ದೇಶಕರಾಗಿಯೂ ದೂರದರ್ಶನಕ್ಕಾಗಿ ಈ ಭಾರವನ್ನು ಹೊತ್ತರು.

ಅವರು ಆರಿಸಿಕೊಂಡುದು ಶಿವಮೊಗ್ಗ ಜಿಲ್ಲೆಯ ಆಗುಂಬೆಯನ್ನು. ಮಳೆಗೆ ಹೆಸರಾದ ಆ ಘಟ್ಟದ ಊರಿನಲ್ಲಿ ಹಂಚಿನ ಮಾಡುಗಳೂ ಜಗುಲಿಗಳೂ ಇನ್ನೂ ಉಳಿದಿದ್ದವು. ಅಲ್ಲಿಯ ದೊಡ್ಡಮನೆಯೇ ಸ್ವಾಮಿಯ ಮನೆಯಾಯಿತು. ಮಾಸ್ಟರ್ ಮಂಜುನಾಥ್ ಸ್ವಾಮಿಯಾದರು. ಕಾರ್ನಾಡರು ತಂದೆ, ವೈಶಾಲಿ ಕಾಸರವಳ್ಳಿಯವರು ತಾಯಿ. ಮೊದಲ ರೇಖೆಗಳನ್ನು ನಾರಾಯಣರ ಸೋದರರಾದ ಆರ್. ಕೆ. ಲಕ್ಷ್ಮಣರು ಬರೆದರು, ಸಂಗೀತವು ಎಲ್. ವೈದ್ಯನಾಥನ್ ಅವರದು. ಯೋಚಿಸಿ ನೋಡಿದರೆ ಇದೊಂದು ವಿಚಿತ್ರ: ಇಂಗ್ಲಿಷಿನ ಕಥೆ, ಕನ್ನಡದ ಊರು, ಕನ್ನಡ ರಂಗಭೂಮಿಯಲ್ಲಿ ಪಳಗಿದ ನಟರು, ಅವರ ಬಾಯಲ್ಲಿ ಹಿಂದಿ, ಮರಾಠಿ ನಾಟಕದಲ್ಲಿ ನುರಿತ ಕೊಂಕಣಿಗ ಸೂತ್ರಧಾರ! ಎಲ್ಲಿಯೂ ಹೊಲಿಗೆ ಕಾಣಿಸಲಿಲ್ಲ.

1986-87ರ ಆ ದಿನಗಳಲ್ಲಿ ಬೀದಿಗೆ ಒಂದೆರಡು ಮನೆಗಳಲ್ಲಿ ಮಾತ್ರ ದೂರದರ್ಶನದ ಪೆಟ್ಟಿಗೆ ಇದ್ದಿತು. ನಾವೂ ನೆರೆಮನೆಯ ಹಜಾರದಲ್ಲಿ ಚಾಪೆಯ ಮೇಲೆ ಕುಳಿತು ನೋಡಿದವರೇ. ಕಂತೊಂದಕ್ಕೆ ಇಪ್ಪತ್ತು ಚಿಲ್ಲರೆ ನಿಮಿಷ. ಅಷ್ಟರಲ್ಲಿಯೇ ಒಂದು ಕಥೆ ಹುಟ್ಟಿ, ಬೆಳೆದು, ಮುಗಿಯಬೇಕು. ನಾಟಕವಾಡಿಸಿದವನ ಕೈ ಕಾಣುವುದು ಇಲ್ಲಿಯೇ. ರಂಗದ ಮೇಲೆ ಎರಡು ಕುರ್ಚಿಗಳಿಂದ ಒಂದು ಮನೆಯನ್ನು ನಂಬಿಸಬಲ್ಲವನಿಗೆ ಸಣ್ಣ ಪೆಟ್ಟಿಗೆಯು ಸಾಲದಾಗುವುದಿಲ್ಲ. ಹುಡುಗನ ಮುಖದಲ್ಲಿ ಪರೀಕ್ಷೆಯ ಭಯವೊಂದು ತೇಲಿದರೆ ಸಾಕು, ಬೇರೆ ಆಡಂಬರ ಬೇಡ. ನಾವು ಮುಂದೆ ಮೇಷ್ಟರಾದ ಮೇಲೆ, ಬೆತ್ತಕ್ಕೆ ಕೈಹಾಕಿದಾಗಲೆಲ್ಲ ಸ್ವಾಮಿಯ ಮುಖ ಅಡ್ಡಬಂದುದುಂಟು. ಅದರಿಂದ ನಮ್ಮ ವಿದ್ಯಾರ್ಥಿಗಳಿಗೆ ಲಾಭವಾಯಿತೋ ನಷ್ಟವಾಯಿತೋ ಅವರೇ ಹೇಳಬೇಕು.

ಈ ಕಥೆಗಳು ತಮ್ಮ ಬರಹಕ್ಕೆ ನಿಷ್ಠವಾಗಿವೆಯೆಂದು ನಾರಾಯಣರು ಮೆಚ್ಚಿಕೊಂಡರು. ‘ಗೈಡ್’ ಚಿತ್ರದಿಂದ ನೊಂದವರ ಬಾಯಿಂದ ಬಂದ ಈ ಮಾತನ್ನು ನಾವು ಯಾವ ಪದಕಕ್ಕಿಂತಲೂ ಹೆಚ್ಚೆಂದು ಎಣಿಸುವೆವು. ಶಂಕರನಾಗ್ ಅವರು ನಿರ್ದೇಶಿಸಿದುದು 39 ಕಂತುಗಳು. 2006ರಲ್ಲಿ ಕವಿತಾ ಲಂಕೇಶರು ಇನ್ನೂ ಕೆಲವನ್ನು ನಿರ್ದೇಶಿಸಿ ಮಾಲೆಯನ್ನು ಮುಂದುವರಿಸಿದರು. ಚಿತ್ರೀಕರಣ ನಡೆದ ಅರಸಾಳು ರೈಲು ನಿಲ್ದಾಣದ ಹಳೆಯ ಕಟ್ಟಡವನ್ನು 2020ರಲ್ಲಿ ಮಾಲ್ಗುಡಿಯ ಹೆಸರಿನ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಕಲ್ಪನೆಯ ಊರಿಗೆ ಹೀಗೆ ನಿಜವಾದ ಒಂದು ನಿಲ್ದಾಣ ಸಿಕ್ಕಿತು.

1990ನೆಯ ಸೆಪ್ಟೆಂಬರ್ 30ರಂದು, ‘ಜೋಕುಮಾರಸ್ವಾಮಿ’ ಚಿತ್ರದ ಕೆಲಸಕ್ಕೆಂದು ಹೊರಟಿದ್ದ ಶಂಕರನಾಗ್ ಅವರು ದಾವಣಗೆರೆಯ ಬಳಿಯ ಆನಗೋಡಿನಲ್ಲಿ ಕಾರಿನ ಅಪಘಾತದಿಂದ ಮೃತರಾದರು. ಮೂವತ್ತಾರು ತುಂಬಿರಲಿಲ್ಲ. ಜೊತೆಯಲ್ಲಿದ್ದ ಅರುಂಧತಿಯವರೂ ಮಗಳೂ ಉಳಿದರು. ಬೆಂಗಳೂರಿನಲ್ಲಿ ನಾಟಕಕ್ಕೆಂದೇ ಒಂದು ಒಳ್ಳೆಯ ಮಂದಿರ ಬೇಕೆಂಬುದು ಶಂಕರರ ಹಂಬಲವಾಗಿತ್ತು. ಅಷ್ಟು ದೊಡ್ಡ ಪೆಟ್ಟು ತಿಂದ ಹೆಣ್ಣುಮಗಳು ಆ ಹಂಬಲವನ್ನು ಎದೆಯಲ್ಲಿರಿಸಿಕೊಂಡು, ವರ್ಷಗಟ್ಟಲೆ ಬಾಗಿಲು ಬಾಗಿಲು ತಿರುಗಿ ಹಣ ಕೂಡಿಸಿ, 2004ರಲ್ಲಿ ಜಯಪ್ರಕಾಶನಗರದಲ್ಲಿ ‘ರಂಗಶಂಕರ’ವನ್ನು ತೆರೆದರು. ಹದಿನಾಲ್ಕು ವರ್ಷಗಳ ತಪಸ್ಸು ಅದು. ಗಂಡನ ಹೆಸರನ್ನು ಕಲ್ಲಿನಲ್ಲಿ ಕೆತ್ತಿಸಿ ಸುಮ್ಮನಾಗಬಹುದಾಗಿದ್ದಿತು. ಆಕೆ ಅವರ ಕೆಲಸವನ್ನೇ ಮುಂದುವರಿಯುವಂತೆ ಮಾಡಿದರು.

ಬೆಂಗಳೂರಿಗೆ ಹೋಗುವ ನಮ್ಮ ವಾಚಕರು ಒಂದು ಸಂಜೆ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲಿ. ಸ್ವಲ್ಪ ಮುಂಚಿತವಾಗಿಯೇ ಹೊರಡತಕ್ಕುದು. ಹೇಳಿದ ಹೊತ್ತಿಗೆ ಸರಿಯಾಗಿ ಬಾಗಿಲು ಮುಚ್ಚುವರು. ತಡವಾಗಿ ಬಂದವರು ಎಷ್ಟು ದೊಡ್ಡವರಾದರೂ ಒಳಗೆ ಬಿಡುವುದಿಲ್ಲ.