ಕೇಸ್‌ಶೀಟಿಗೆ ಬೇಕಾದ ಇಂಗ್ಲಿಷ್ ಕಲಿಸಿ

ತೊಪ್ಪೂರು ಘಾಟಿ ಎಂದರೆ ಬೆಂಗಳೂರು-ಸೇಲಂ ಹೆದ್ದಾರಿಯಲ್ಲಿ ಓಡಾಡುವವರಿಗೆ ಇಂದಿಗೂ ಭಯ. 2020ರ ಡಿಸೆಂಬರ್‌ನಲ್ಲಿ, ಮತ್ತೆ 2024ರ ಜನವರಿಯಲ್ಲಿ ಈ ಇಳಿಜಾರಿನಲ್ಲಿ ನಡೆದ ಸರಣಿ ಅಪಘಾತಗಳನ್ನು ಯಾರೂ ಮರೆತಿಲ್ಲ. ಘಾಟಿಯ ಎರಡು ದಿಕ್ಕಿಗೂ ಸರ್ಕಾರಿ ವೈದ್ಯಕೀಯ ಕಾಲೇಜುಗಳಿವೆ. ಸೇಲಂನದು 1986ರಲ್ಲಿ, ಧರ್ಮಪುರಿಯದು 2008ರಲ್ಲಿ ಆರಂಭವಾದವು. ಗಾಯಾಳುಗಳ ಜೀವ ಉಳಿಯುವುದು ಇಂಥ ಆಸ್ಪತ್ರೆಗಳಲ್ಲಿ.

ಅಲ್ಲಿ ಸ್ಟ್ರೆಚರ್ ಮೇಲೆ ಮಲಗಿದ ಲಾರಿ ಚಾಲಕ ಕನ್ನಡದವನಾಗಿದ್ದರೆ ಕನ್ನಡದಲ್ಲೇ ನರಳುತ್ತಾನೆ. ವಾರ್ಡಿನ ಮಾತು ತಮಿಳು. ಕೇಸ್‌ಶೀಟ್ ಮಾತ್ರ ಇಂಗ್ಲಿಷ್. ಅವನ ನೋವು ಮೂರು ಭಾಷೆ ದಾಟಿ ಕಾಗದಕ್ಕೆ ಇಳಿಯಬೇಕು. ದಾರಿಯಲ್ಲಿ ಒಂದು ಪದ ತಪ್ಪಿದರೂ ಔಷಧ ತಪ್ಪಬಹುದು. ವೈದ್ಯಕೀಯ, ನರ್ಸಿಂಗ್ ಓದುವ ನಮ್ಮ ಮಕ್ಕಳಿಗೆ ಇಂಗ್ಲಿಷನ್ನು ಹೇಗೆ ಕಲಿಸುತ್ತಿದ್ದೇವೆ ಅನ್ನೋ ಪ್ರಶ್ನೆ ಅದಕ್ಕೇ ಸಣ್ಣದಲ್ಲ.

ಸರ್ಕಾರಿ ಶಾಲೆಯಲ್ಲಿ ಓದಿದವರಿಗೆ ತಮಿಳುನಾಡು 2020ರಲ್ಲಿ ವೈದ್ಯಕೀಯ ಸೀಟುಗಳಲ್ಲಿ ಶೇ 7.5ರ ಒಳಮೀಸಲಾತಿ ತಂದಿತು. ಒಳ್ಳೆಯ ಕೆಲಸ. ಕೂಲಿಕಾರರ ಮಕ್ಕಳು, ನೇಕಾರರ ಮಕ್ಕಳು ಬಿಳಿ ಕೋಟು ಹಾಕುವಂತಾಯಿತು. ಆದರೆ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು ಎಂದು ಬೆಳೆದ ಹುಡುಗಿಗೆ ಇಂಗ್ಲಿಷ್ ಪರದೇಶದ ಭಾಷೆಯೇ. ಅದು ಬರುತ್ತದೆ ಎಂದುಕೊಂಡು ಮೊದಲ ದಿನವೇ ಅಂಗರಚನಾಶಾಸ್ತ್ರ ಶುರು ಮಾಡಿದರೆ ಅವಳು ಉರು ಹೊಡೆಯದೆ ಇನ್ನೇನು ಮಾಡಿಯಾಳು? ಉರು ಹೊಡೆದರೆ ಪರೀಕ್ಷೆ ದಾಟಬಹುದು, ವಾರ್ಡ್ ದಾಟೋಕಾಗಲ್ಲ.

ಒಂದು ಉದಾಹರಣೆ ನೋಡಿ. ಅಜ್ಜಿಯೊಬ್ಬಳು ‘ಎದೆ ಉರೀತೈತೆ ಕಣವ್ವ’ ಅಂತಾಳೆ. ಇಂಗ್ಲಿಷಿನ ‘ಹಾರ್ಟ್‌ಬರ್ನ್’ ಪದದಲ್ಲಿ ಹೃದಯ ಇದ್ದರೂ ಅದು ಹೊಟ್ಟೆಯ ಆಮ್ಲದ ತೊಂದರೆ. ಆದರೆ ಹೃದಯಾಘಾತವಾದವರೂ ಎದೆ ಉರಿ ಅಂತಲೇ ಹೇಳುವುದುಂಟು. ಅವಸರದಲ್ಲಿ ‘ಹಾರ್ಟ್‌ಬರ್ನ್’ ಎಂದು ಬರೆದುಬಿಟ್ಟರೆ ಇಸಿಜಿ ತಡವಾದೀತು. ‘ಸಂಕಟ ಆಗ್ತೈತೆ’ ಅಂದರೆ ವಾಕರಿಕೆಯೋ, ಉಸಿರು ಕಟ್ಟುವುದೋ? ‘ತಲೆ ಸುತ್ತು’ ಅಂದರೆ ಕಣ್ಣು ಕತ್ತಲಾಗುವುದೋ, ಕೋಣೆಯೇ ತಿರುಗಿದಂತಾಗುವುದೋ? ಮತ್ತೊಂದು ಪ್ರಶ್ನೆ ಕೇಳಿ ತಿಳಿದುಕೊಂಡು ಆಮೇಲೆ ಬರೆಯಬೇಕು. ಇದನ್ನು ನಿಘಂಟು ಹೇಳಿಕೊಡುವುದಿಲ್ಲ, ಮೇಷ್ಟ್ರು ಹೇಳಿಕೊಡಬೇಕು.

ಕಿವಿಯ ತಪ್ಪುಗಳೂ ಇವೆ. ‘ಹೈಪೊ’, ‘ಹೈಪರ್’ ಕೇಳುವುದಕ್ಕೆ ಅಕ್ಕ-ತಂಗಿ, ಅರ್ಥದಲ್ಲಿ ಎಣ್ಣೆ-ಸೀಗೆಕಾಯಿ. ಸಕ್ಕರೆ ಇಳಿದವರಿಗೆ ಗ್ಲೂಕೋಸ್ ಬೇಕು, ಏರಿದವರಿಗೆ ಇನ್ಸುಲಿನ್. ಅದಲು ಬದಲಾದರೆ ಪ್ರಾಣಕ್ಕೇ ಕುತ್ತು. ‘ಫಿಫ್ಟೀನ್’, ‘ಫಿಫ್ಟಿ’ ಫೋನಿನಲ್ಲಿ ಒಂದೇ ಥರ ಕೇಳಿಸುತ್ತವೆ. ಯೂನಿಟ್ ಎನ್ನುವುದಕ್ಕೆ ಬರೀ ‘ಯು’ ಅಕ್ಷರ ಗೀಚಿದರೆ ಅದು ಸೊನ್ನೆಯಂತೆ ಕಂಡು 10 ಯೂನಿಟ್ ಇನ್ಸುಲಿನ್ 100 ಆಗಿಬಿಡಬಹುದು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಈ ಸಂಕೇತವನ್ನು 2004ರಲ್ಲೇ ಬಳಸಬಾರದ ಪಟ್ಟಿಗೆ ಸೇರಿಸಿತು. ಇಂಗ್ಲಿಷೇ ಮಾತೃಭಾಷೆಯಾದ ಕಡೆ ಇಷ್ಟು ಎಚ್ಚರ ಬೇಕಾದರೆ ನಮಗೆ ಇನ್ನೆಷ್ಟು ಬೇಕು? ಡಾಕ್ಟರ್ ಬಾಯಿಮಾತಿನಲ್ಲಿ ಕೊಟ್ಟ ಆದೇಶವನ್ನು ಬರೆದುಕೊಂಡು ತಿರುಗಿ ಓದಿ ಹೇಳುವ ಅಭ್ಯಾಸವೂ ಇಂಗ್ಲಿಷ್ ಪಾಠದ ಭಾಗವಾಗಬೇಕು.

ಪಠ್ಯಕ್ರಮದಲ್ಲಿ ಇಂಗ್ಲಿಷಿಗೆ ಜಾಗ ಇಲ್ಲವೆಂದಲ್ಲ. ಭಾರತೀಯ ನರ್ಸಿಂಗ್ ಪರಿಷತ್ತಿನ 2021ರ ಪರಿಷ್ಕೃತ ಬಿಎಸ್‌ಸಿ ನರ್ಸಿಂಗ್ ಪಠ್ಯಕ್ರಮದಲ್ಲಿ ಮೊದಲ ಸೆಮಿಸ್ಟರಿಗೆ 40 ಗಂಟೆಗಳ ‘ಕಮ್ಯುನಿಕೇಟಿವ್ ಇಂಗ್ಲಿಷ್’ ಇದೆ. ಎಂಬಿಬಿಎಸ್‌ಗೆ 2019ರಲ್ಲಿ ಬಂದ ಫೌಂಡೇಶನ್ ಕೋರ್ಸಿನಲ್ಲೂ ಭಾಷಾ ಕಲಿಕೆ ಸೇರಿದೆ. ಈ ಗಂಟೆಗಳು ವ್ಯಾಕರಣದ ಖಾಲಿ ಜಾಗ ತುಂಬುವುದರಲ್ಲೇ ಕಳೆದುಹೋಗಬಾರದು. ಪಾಳಿ ಬದಲಾಗುವಾಗ ರೋಗಿಯ ಸ್ಥಿತಿ ಒಪ್ಪಿಸುವುದು, ರೆಫರಲ್ ಪತ್ರ ಬರೆಯುವುದು, ಔಷಧದ ಲೇಬಲ್ ಓದುವುದು, ಇವೇ ಪಾಠವಾಗಲಿ. ಆಸ್ಟ್ರೇಲಿಯಾದಲ್ಲಿ ಹುಟ್ಟಿದ ಒಇಟಿ ಪರೀಕ್ಷೆ ಮಾಡುವುದೂ ಇದನ್ನೇ. ಅಲ್ಲಿ ಅಭ್ಯರ್ಥಿ ರೋಗಿಯ ಪಾತ್ರಧಾರಿಯೊಂದಿಗೆ ಮಾತಾಡಬೇಕು, 45 ನಿಮಿಷದಲ್ಲಿ ಒಂದು ಪತ್ರ ಬರೆಯಬೇಕು. 2017ರಿಂದ ಬ್ರಿಟನ್ನಿನ ನರ್ಸಿಂಗ್ ಮಂಡಳಿಯೂ ಇದನ್ನು ಒಪ್ಪುತ್ತಿದೆ. ಹೊರದೇಶಕ್ಕೆ ಹೋಗುವವರಿಗೆ ಹಣ ಕೊಟ್ಟರೆ ಸಿಗುವ ಈ ತರಬೇತಿ, ಇಲ್ಲೇ ಉಳಿದು ನಮ್ಮವರ ಆರೈಕೆ ಮಾಡುವವರಿಗೆ ಯಾಕೆ ಬೇಡ?

ವೈದ್ಯಕೀಯವನ್ನೇ ಮಾತೃಭಾಷೆಯಲ್ಲಿ ಕಲಿಸಿ ಎನ್ನುವವರಿದ್ದಾರೆ. ಮಧ್ಯಪ್ರದೇಶ 2022ರಲ್ಲಿ ಹಿಂದಿ ಪಠ್ಯಪುಸ್ತಕ ತಂದಿದೆ. ಆ ಚರ್ಚೆ ನಡೆಯಲಿ. ಅದು ಮುಗಿಯುವತನಕ ಇಂದಿನ ವಿದ್ಯಾರ್ಥಿ ಕಾಯಲಾರಳು, ಇಂದಿನ ರೋಗಿಯಂತೂ ಕಾಯಲಾರ.

ಗಡಿಯಾಚೆಯ ಕನ್ನಡ ಮನೆಗಳಿಗೂ ಒಂದು ಮಾತು. ಮಗಳು ನರ್ಸಿಂಗ್ ಸೇರಿದಳು ಅಂತ ಮನೆಯಲ್ಲಿ ಕನ್ನಡ ಬಿಡಿಸಬೇಡಿ. ಇಂಗ್ಲಿಷ್ ಬಂದರೆ ಅವಳು ಕೇಸ್‌ಶೀಟ್ ಬರೆದಾಳು. ಆದರೆ ಘಾಟಿಯಿಂದ ಬಂದ ಆ ಚಾಲಕನನ್ನು ‘ಎಲ್ಲಿ ನೋಯ್ತೈತೆ ಅಣ್ಣ?’ ಅಂತ ಕೇಳೋದಕ್ಕೆ ಮನೆಯ ಮಾತೇ ಬೇಕು. ಎರಡನ್ನೂ ಕೂಡಿಸುವ ಮೇಷ್ಟ್ರನ್ನು ಕಾಲೇಜುಗಳು ಒದಗಿಸಬೇಕು. ಈ ಬಗ್ಗೆ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಲಿ.