ಗರಿಕೆಯ ಹಸಿರು, ತೋಡಿನ ನೀರು

ಮಂಗಳೂರು ಬಳಿಯ ಪಿಲಿಕುಳದಲ್ಲಿ, ಕೊಡಗಿನ ಮಡಿಕೇರಿ ಹಾಗೂ ಬಿಟ್ಟಂಗಾಲಗಳಲ್ಲಿ ಗಾಲ್ಫ್ ಮೈದಾನಗಳಿವೆ. ಪ್ರವಾಸೋದ್ಯಮದ ಹೆಸರಿನಲ್ಲಿ ಇಂಥದೊಂದು ಮೈದಾನ ನಾಳೆ ಸುಳ್ಯದ ಕಡೆಗೂ ಬರಬಹುದು. ಆಗ ಆಲೆಟ್ಟಿಯಂಥ ಗ್ರಾಮದ ಜನ ಮೊದಲು ಕೇಳಬೇಕಾದುದು ಆಟದ ಕುರಿತಲ್ಲ, ಹುಲ್ಲಿನ ಆರೈಕೆಯ ಕುರಿತು.

ಉಷ್ಣ ವಲಯದ ಗಾಲ್ಫ್ ಮೈದಾನಗಳಲ್ಲಿ ಹೆಚ್ಚಾಗಿ ಬೆಳೆಸುವ ಬರ್ಮುಡಾ ಹುಲ್ಲು ಗಣಪತಿಗೆ ಏರಿಸುವ ಗರಿಕೆಯ ಕುಲದ್ದೇ. ಗದ್ದೆಯ ಬದುವಿನಲ್ಲಿ ಯಾರ ಹಂಗೂ ಇಲ್ಲದೆ ಹಬ್ಬುವ ಗರಿಕೆಯನ್ನು ಕುಳಿಯ ಸುತ್ತ 3–4 ಮಿಲಿಮೀಟರ್ ಎತ್ತರಕ್ಕೆ ಕತ್ತರಿಸಿ ಇರಿಸಿದಾಗ ಅದು ಪರಾಧೀನವಾಗುತ್ತದೆ. ಎಲೆ ಕುಗ್ಗಿದಷ್ಟೂ ಬೇರು ಕುಗ್ಗುತ್ತದೆ; ಬೇಸಿಗೆಯಲ್ಲಿ ಪದೇ ಪದೇ ನೀರು, ಸಾರಜನಕ, ಮಳೆಗಾಲದಲ್ಲಿ ಶಿಲೀಂಧ್ರನಾಶಕ ಬೇಕಾಗುತ್ತದೆ. ತುಳಿತದಿಂದ ಬಿಗಿದ ನೆಲಕ್ಕೆ ತೂತು ಕೊರೆದು ಮರಳು ತುಂಬುವುದು ಇನ್ನೊಂದು ಕಾಮಗಾರಿ. ಮರಳು ಗೊಬ್ಬರವನ್ನು ಹಿಡಿದಿಡುವುದಿಲ್ಲ. ಜೂನ್ ಮಳೆಗೆ ಮುನ್ನ ಎರಚಿದ ಯೂರಿಯಾದ ಒಂದು ಪಾಲು ತೋಡಿಗೆ ಇಳಿಯುತ್ತದೆ.

ಹಾಗೆಂದು ಮೈದಾನವೆಲ್ಲ ವಿಷವೆಂದು ಸಾರುವುದು ಸರಿಯಲ್ಲ. ಗೊಬ್ಬರವನ್ನು ಮಳೆಯ ಬಿಡುವಿನಲ್ಲಿ ಅಲ್ಪಸ್ವಲ್ಪವಾಗಿ ಕೊಡಬಹುದು. ತೋಡಿನ ಅಂಚಿನಲ್ಲಿ ಕತ್ತರಿಸದ ಹುಲ್ಲು, ಪೊದೆಗಳ ಪಟ್ಟಿಯನ್ನು ಉಳಿಸಬಹುದು. ಶುದ್ಧೀಕರಿಸಿದ ಬಳಕೆ ನೀರನ್ನೇ ಹಾಯಿಸಬಹುದು. ಸುರಿದುದರ ಲೆಕ್ಕವನ್ನೂ ತೋಡಿನ ನೀರಿನ ಪರೀಕ್ಷೆಯ ವರದಿಯನ್ನೂ ಪ್ರತಿವರ್ಷ ಗ್ರಾಮಸಭೆಯ ಮುಂದಿಡುವ ಷರತ್ತಿಲ್ಲದೆ ಒಪ್ಪಿಗೆ ಸಲ್ಲದು.

ಈ ಅಳತೆಗೋಲು ಅಡಿಕೆ ತೋಟಕ್ಕೂ ಅನ್ವಯಿಸಬೇಕು. ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ತಾಮ್ರ ಮಣ್ಣಿನಲ್ಲಿ ಶೇಖರವಾಗುತ್ತದೆ, ಮಳೆನೀರಿನೊಡನೆ ತೋಡಿಗೂ ಇಳಿಯುತ್ತದೆ. ಪಯಸ್ವಿನಿಯು ಕಾಸರಗೋಡಿನಲ್ಲಿ ಚಂದ್ರಗಿರಿಯೆಂಬ ಹೆಸರಿನಿಂದ ಕಡಲು ಸೇರುವವರೆಗೆ ಆ ನೀರನ್ನು ನೆಚ್ಚಿದವರು ಅನೇಕರು. ತನ್ನ ತೋಟದ ಲೆಕ್ಕ ಇಟ್ಟವನಿಗಷ್ಟೇ ಮೈದಾನದ ಲೆಕ್ಕ ಕೇಳುವ ಬಲ ಬರುತ್ತದೆ.